ಕರಿಯನನ್ನು ಜರ್ಮನಿಗೆ ಕರೆದುಕೊಂಡು ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ಕರಿಯನಮ್ಮ, ಮೈಸೂರು (ಮಾರ್ಚ್ 12)

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಜೂನ್ 1ಕ್ಕೆ ಸೇರಬೇಕು. ಮನೆ ಸಾಮಾನು ಏನು ಮಾಡುವುದು, ಸ್ಕೂಟರ್ ಯಾರಿಗೆ ಕೊಡುವುದು ಅನ್ನುವುದೆಲ್ಲ ಒಂದೇ ಸಂಜೆಯಲ್ಲಿ ತೀರ್ಮಾನ ಆಯಿತು. ಕರಿಯನ ವಿಷಯ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದೆವು.

ಕರಿಯ ನಮ್ಮ ನಾಯಿ. ಜಾತಿ ನಾಯಿ ಏನಲ್ಲ, ಬೀದಿಯದ್ದೇ. ಐದು ವರ್ಷದ ಹಿಂದೆ ಜೋರು ಮಳೆಯಲ್ಲಿ ಸ್ಕೂಟರ್ ಕೆಳಗೆ ನಡುಗುತ್ತಾ ಕೂತಿದ್ದ. ಒಂದು ರಾತ್ರಿ ಇರಲಿ ಅಂತ ಒಳಗೆ ಬಿಟ್ಟುಕೊಂಡೆ. ಆಮೇಲೆ ಅವನೂ ಹೋಗಲಿಲ್ಲ, ನಾವೂ ಕಳಿಸಲಿಲ್ಲ. ಈಗ 18 ಕೆಜಿ ಇದ್ದಾನೆ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುವವನು ವಿಮಾನದಲ್ಲಿ ಹೇಗಿರುತ್ತಾನೋ ಅಂತ ನೆನೆಸಿಕೊಂಡರೆ ನನಗೇ ಹೊಟ್ಟೆ ಕಲಸುತ್ತದೆ.

ರೇಬೀಸ್ ಇಂಜೆಕ್ಷನ್ ನವೆಂಬರ್‌ನಲ್ಲಿ ಆಗಿದೆ, ಕಾರ್ಡ್ ಇದೆ. ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಹಾಕಿಸಿಲ್ಲ. ಅದನ್ನು ಮೇ ತಿಂಗಳಲ್ಲಿ ಹಾಕಿಸಿ, ಒಂದು ಹೆಲ್ತ್ ಸರ್ಟಿಫಿಕೇಟ್ ಮಾಡಿಸಿದರೆ ಸಾಕು ಅಂತ ಪರಿಚಯದವರೊಬ್ಬರು ಹೇಳಿದರು. ಸಾಕಾ? ನನ್ನ ಅಕ್ಕ ಲಂಡನ್‌ನಲ್ಲಿದ್ದಾಳೆ. ಮೊದಲು ಅಲ್ಲಿಗೆ ಬಾ, ನಾಯಿ ಒಂದು ವಾರ ಸುಧಾರಿಸಿಕೊಳ್ಳಲಿ, ಆಮೇಲೆ ಜರ್ಮನಿಗೆ ಹೋಗು ಅನ್ನುತ್ತಾಳೆ. ಇನ್ನೊಂದು ವಿಷಯ, ನಿದ್ದೆ ಮಾತ್ರೆ ಕೊಟ್ಟು ಕಳಿಸಬಹುದಾ? ಹೋಗಿಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೊಮ್ಮಿ ಜೊತೆ ಮ್ಯೂನಿಕ್

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಜೂನ್ 1ಕ್ಕೆ ಕರಿಯ ನಿಮ್ಮ ಜೊತೆ ಬರುವುದಿಲ್ಲ. ಸಾಧ್ಯವೇ ಇಲ್ಲ.

ಚಿಪ್ ಹಾಕುವುದಕ್ಕೆ ಮೊದಲು ಕೊಟ್ಟ ರೇಬೀಸ್ ಲಸಿಕೆ ಯುರೋಪಿಯನ್ ಯೂನಿಯನ್ ಲೆಕ್ಕಕ್ಕೆ ಬರುವುದಿಲ್ಲ. ಯಾವ ನಾಯಿಗೆ ಕೊಟ್ಟಿದ್ದು ಅಂತ ಚಿಪ್ ನಂಬರ್ ಇಲ್ಲದೆ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ನವೆಂಬರ್ ಇಂಜೆಕ್ಷನ್ ಮರೆತುಬಿಡಿ. ಈ ವಾರವೇ 15 ಅಂಕಿಯ ಐಎಸ್ಒ (ಅಂತರರಾಷ್ಟ್ರೀಯ ಮಾನದಂಡದ) ಚಿಪ್ ಹಾಕಿಸಿ. ಡಾಕ್ಟರ್ ಒಪ್ಪಿದರೆ ಅದೇ ದಿನ, ಚಿಪ್ ಓದಿದ ಮೇಲೆ, ರೇಬೀಸ್ ಲಸಿಕೆ ಹೊಸದಾಗಿ ಕೊಡಿಸಿ. ಅದಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಸಬೇಕು. ಇದಕ್ಕೆ ಟೈಟರ್ ಟೆಸ್ಟ್ ಅನ್ನುತ್ತಾರೆ. ಲಸಿಕೆ ನಿಜವಾಗಿ ಮೈಗೆ ಹತ್ತಿದೆಯಾ ಅಂತ ನೋಡುವುದು. ಒಂದು ಮಿಲಿಲೀಟರ್‌ಗೆ 0.5 ಐಯು (ರೋಗನಿರೋಧಕ ಶಕ್ತಿ ಅಳೆಯುವ ಘಟಕ) ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಕಡಿಮೆ ಬಂದರೆ ಮತ್ತೆ ಲಸಿಕೆ, ಮತ್ತೆ ರಕ್ತ. ಯುರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ಗೇ ಕಳಿಸಬೇಕು, ಪಕ್ಕದ ಬೀದಿಯ ಲ್ಯಾಬ್ ನಡೆಯುವುದಿಲ್ಲ.

ಎಲ್ಲರೂ ಮುಗ್ಗರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ. ಭಾರತದಿಂದ ಹೋಗುವ ನಾಯಿ, ಬೆಕ್ಕು ಎರಡಕ್ಕೂ ಈ ನಿಯಮ ಇದೆ. ನೀವು ಮಾರ್ಚ್ 15ಕ್ಕೆ ಶುರು ಮಾಡಿದರೆ ಏಪ್ರಿಲ್ 14ಕ್ಕೆ ರಕ್ತ, ಜುಲೈ 14ರ ನಂತರ ಪ್ರಯಾಣ. ಅದಕ್ಕೇ ಹೇಳುವುದು, ಟಿಕೆಟ್ ದಿನಾಂಕ ಹಿಡಿದುಕೊಂಡು ಹಿಂದಕ್ಕೆ ಲೆಕ್ಕ ಹಾಕಬೇಡಿ. ರಕ್ತ ತೆಗೆದ ದಿನ ಹಿಡಿದು ಮುಂದಕ್ಕೆ ಹಾಕಿ.

ಇದೆಲ್ಲ ನನಗೆ ಬಾಯಿಪಾಠ ಆಗಿದ್ದು ಪೆಟ್ಟು ತಿಂದೇ. 2024ರ ಫೆಬ್ರವರಿಯಲ್ಲಿ ನನ್ನ ನಾಯಿ ಬೊಮ್ಮಿಗೆ ಲಸಿಕೆ ಹಾಕಿಸಿದ್ದೆ, ಮೂರು ವಾರದ ನಂತರ ಚಿಪ್. ದುಡ್ಡು ತೆಗೆದುಕೊಂಡ ಏಜೆಂಟ್ "ಏನೂ ತೊಂದರೆ ಇಲ್ಲ ಮೇಡಂ" ಅಂದರು. ಏಪ್ರಿಲ್‌ನಲ್ಲಿ ಪೇಪರ್ ನೋಡಿದ ಬೇರೆಯವರು ಎರಡು ದಿನಾಂಕಗಳ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ನನ್ನ ಮುಖ ನೋಡಿದರು. ಅಲ್ಲಿಗೆ ಎಲ್ಲ ಮೊದಲಿಂದ. ಗಂಡ ಒಬ್ಬರೇ ಹೋದರು. ನಾನು ಬೊಮ್ಮಿಯನ್ನು ಕರೆದುಕೊಂಡು ತೀರ್ಥಹಳ್ಳಿಗೆ, ಅಮ್ಮನ ಮನೆಗೆ.

ಒಂದು ರೀತಿಯಲ್ಲಿ ಅದೂ ಒಳ್ಳೆಯದೇ ಆಯಿತು. ವಿಮಾನದಲ್ಲಿ ನಾಯಿಯನ್ನು ಇಡುವ ಪೆಟ್ಟಿಗೆ, ಅಂದರೆ ಕ್ರೇಟ್ ತಂದು ಜಗುಲಿಯಲ್ಲಿಟ್ಟೆ. ಒಂದು ವಾರ ಅದರ ಹತ್ತಿರವೂ ಸುಳಿಯಲಿಲ್ಲ. ಬಾಗಿಲು ಕಳಚಿಟ್ಟು, ಒಳಗೆ ಅಮ್ಮನ ಹಳೇ ಸೀರೆ ಹಾಸಿ, ಊಟ ಅಲ್ಲೇ ಇಡಲು ಶುರು ಮಾಡಿದೆ. ಆಮೇಲೆ ಮಳೆ ಹಿಡಿಯಿತು ನೋಡಿ. ನಮ್ಮೂರಿನ ಮಳೆ ಗೊತ್ತಲ್ಲ, ಇರಚಲು ಹೊಡೆದು ಜಗುಲಿ ಅರ್ಧ ಒದ್ದೆ. ಒಣಗಿದ ಜಾಗ ಅಂದರೆ ಕ್ರೇಟ್ ಒಂದೇ. ತಾನೇ ಹೋಗಿ ಮಲಗಿಕೊಂಡಳು. ಜುಲೈ ಹೊತ್ತಿಗೆ ಬಾಗಿಲು ಹಾಕಿದರೂ ಕಣ್ಣು ಬಿಡುತ್ತಿರಲಿಲ್ಲ. ನೀವೂ ಈಗಲೇ ಕ್ರೇಟ್ ತನ್ನಿ. ಅಳತೆಗೆ, ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. ಒಳಗೆ ತಲೆ ತಾಗದೆ ನಿಲ್ಲಬೇಕು, ತಿರುಗಬೇಕು. ಮೇಲಿನ ಭಾಗ, ಕೆಳಗಿನ ಭಾಗ ಸೇರಿಸಲು ಪ್ಲಾಸ್ಟಿಕ್ ಕ್ಲಿಪ್ ನಂಬಬೇಡಿ, ಕಬ್ಬಿಣದ ನಟ್ಟು ಬೋಲ್ಟು ಹಾಕಿ.

ನಿದ್ದೆ ಮಾತ್ರೆ ಬೇಡವೇ ಬೇಡ. ಮತ್ತಿನಲ್ಲಿರುವ ನಾಯಿಗೆ ಮೇಲೆ ಹೋದಾಗ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ತೊಂದರೆ ಆಗಬಹುದು, ಸಮತೋಲನ ತಪ್ಪಿ ಬೀಳಬಹುದು. ಮತ್ತು ಕೊಟ್ಟಿದ್ದು ಗೊತ್ತಾದರೆ ಎಷ್ಟೋ ಏರ್‌ಲೈನ್‌ಗಳು ಹತ್ತಿಸಿಕೊಳ್ಳುವುದೇ ಇಲ್ಲ. 18 ಕೆಜಿ ಅಂದರೆ ಕ್ಯಾಬಿನ್ ಆಸೆಯೂ ಬಿಡಿ. ನೇರ ವಿಮಾನ ನೋಡಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಇದೆ. ಹೊರಡುವ ಹಿಂದಿನ ರಾತ್ರಿ ನೀರಿನ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಐಸ್ ಮಾಡಿ. ಲೋಡ್ ಮಾಡುವಾಗ ಚೆಲ್ಲುವುದಿಲ್ಲ, ನಿಧಾನಕ್ಕೆ ಕರಗುತ್ತದೆ.

ಕೊನೆಯ ಹತ್ತು ದಿನ ಪೇಪರ್ ಓಡಾಟ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಎಕ್ಯೂಸಿಎಸ್ (ಪ್ರಾಣಿಗಳ ಕ್ವಾರಂಟೈನ್ ಮತ್ತು ಸರ್ಟಿಫಿಕೇಟ್) ಕಚೇರಿ ಇದೆ, ಸರ್ಟಿಫಿಕೇಟ್ ಅಲ್ಲಿಂದ. ಅಧಿಕಾರಿ ಸಹಿ ಹಾಕಿದ 10 ದಿನದೊಳಗೆ ಯುರೋಪ್ ಮುಟ್ಟಬೇಕು, ಹಾಗಾಗಿ ಮುಂಚೆಯೇ ಮಾಡಿಸಿಟ್ಟುಕೊಳ್ಳಲು ಆಗುವುದಿಲ್ಲ. ಚಿಪ್ ನಂಬರನ್ನು ಪ್ರತಿ ಕಾಗದದಲ್ಲೂ ಅಂಕಿ ಅಂಕಿ ಓದಿ. ನಾನು ಓದಿ, ಅಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದರು.

ಹಾಸನದವ

ನನ್ನದು ಉಲ್ಟಾ ಕಥೆ. ನಾವು ಹೊರಟಾಗ ನಮ್ಮ ರಾಜನಿಗೆ 13 ವರ್ಷ. ಹಿಂಗಾಲಿನಲ್ಲಿ ಶಕ್ತಿ ಇರಲಿಲ್ಲ, ಹೃದಯದ ಮಾತ್ರೆ ನಡೆಯುತ್ತಿತ್ತು. ಚಿಪ್, ರಕ್ತ ಎಲ್ಲ ಮುಗಿಸಿದ್ದೆ, ಕ್ರೇಟ್ ಕೂಡ ಬಂದಿತ್ತು. ಡಾಕ್ಟರ್ ಒಂದೇ ಮಾತು ಕೇಳಿದರು: "ಇವನಿಗೆ ಬೇಕಾ ಇದು, ನಿಮಗೆ ಬೇಕಾ?" ಅಪ್ಪನ ಹತ್ತಿರ ತೋಟದಲ್ಲೇ ಬಿಟ್ಟು ಬಂದೆ. ಒಂದೂವರೆ ವರ್ಷ ಇದ್ದ. ಅಪ್ಪ ದಿನಾ ವಿಡಿಯೋ ಕಾಲ್ ಮಾಡಿ ಫೋನನ್ನು ಅವನ ಮೂಗಿಗೆ ಹಿಡಿಯುತ್ತಿದ್ದರು, ನನಗೆ ಬರೀ ಒದ್ದೆ ಮೂಗು ಕಾಣಿಸುತ್ತಿತ್ತು. ಕರಿಯನಿಗೆ ಐದೇ ವರ್ಷ ಅಲ್ವಾ, ಕರೆದುಕೊಂಡು ಹೋಗಿ.

ಬೆಕ್ಕಿನ ಬಿಡಾರ, ಲಂಡನ್

ಅಕ್ಕನ ಪ್ರೀತಿ ಅರ್ಥವಾಗುತ್ತದೆ, ಆದರೆ ಲಂಡನ್ ಮೂಲಕ ಬರಬೇಡಿ. ಬ್ರಿಟನ್‌ಗೆ ವಿಮಾನದಲ್ಲಿ ಬರುವ ನಾಯಿ ಬೆಕ್ಕು ಕಾರ್ಗೋದಲ್ಲೇ, ಅಂದರೆ ಸರಕಿನ ಲೆಕ್ಕದಲ್ಲೇ ಬರಬೇಕು. ನಮ್ಮ ಬೆಕ್ಕು ಬರೀ 4 ಕೆಜಿ, ಆದರೂ ಕ್ಯಾಬಿನ್‌ನಲ್ಲಿ ಬಿಡಲಿಲ್ಲ. ನಾಯಿಯಾದರೆ ಒಳಗೆ ಬರುವುದಕ್ಕೆ ಮುಂಚಿನ 24ರಿಂದ 120 ಗಂಟೆಯೊಳಗೆ ಟೇಪ್‌ವರ್ಮ್ (ಲಾಡಿಹುಳು) ಔಷಧಿ ಕೊಡಿಸಿ ಡಾಕ್ಟರ್ ಹತ್ತಿರ ಬರೆಸಬೇಕು. ರಕ್ತ, ಮೂರು ತಿಂಗಳು ಇಲ್ಲೂ ತಪ್ಪಿದ್ದಲ್ಲ. ಆಮೇಲೆ ಜರ್ಮನಿಗೆ ಇನ್ನೊಂದು ಸೆಟ್ ಪೇಪರ್. ಒಂದು ಸಲ ಪಡುವ ಕಷ್ಟವನ್ನು ಎರಡು ಸಲ ಯಾಕೆ? ಅಕ್ಕನನ್ನೇ ಸ್ಟುಟ್‌ಗಾರ್ಟ್‌ಗೆ ಕರೆಸಿಕೊಳ್ಳಿ.

ಕರಿಯನಮ್ಮ, ಮೈಸೂರು

ಬೊಮ್ಮಿ ಅಮ್ಮ, ನಿಮ್ಮ ಉತ್ತರ ಓದಿ ಮೊದಲು ಅತ್ತೆ, ಆಮೇಲೆ ಡಾಕ್ಟರ್‌ಗೆ ಫೋನ್ ಮಾಡಿದೆ. ಶನಿವಾರ ಚಿಪ್ ಮತ್ತು ಲಸಿಕೆ. ಹಾಸನದವರೇ, ಆ ಒದ್ದೆ ಮೂಗು ತಲೆಯಿಂದ ಹೋಗುತ್ತಿಲ್ಲ.

ಇನ್ನೊಂದು ಕೇಳಬೇಕು. ನಾವಿಬ್ಬರೂ ಜೂನ್‌ನಲ್ಲೇ ಹೋಗಿ, ಕರಿಯನನ್ನು ಅಮ್ಮನ ಮನೆಯಲ್ಲಿ ಬಿಟ್ಟು, ಜುಲೈನಲ್ಲಿ ಏಜೆಂಟ್ ಕೈಲಿ ತರಿಸಿಕೊಂಡರೆ ಆಗುತ್ತದಾ?

ಬೊಮ್ಮಿ ಜೊತೆ ಮ್ಯೂನಿಕ್

ಅಲ್ಲೊಂದು ಸಿಕ್ಕು ಇದೆ. ನಿಮ್ಮ ಪ್ರಯಾಣಕ್ಕೂ ಅವನ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಇದ್ದರೆ ಸಾಕುನಾಯಿ ಅಂತ ನೋಡುವುದಿಲ್ಲ, ವ್ಯಾಪಾರಕ್ಕೆ ಬರುವ ಪ್ರಾಣಿಯ ನಿಯಮ ಹಾಕುತ್ತಾರೆ. ಪೇಪರೂ ಬೇರೆ, ಖರ್ಚೂ ಬೇರೆ. ಯಜಮಾನರು ಮೊದಲು ಹೋಗಲಿ, ಮನೆ ಹುಡುಕಲಿ. ಕೆಲವು ಮನೆ ಮಾಲೀಕರು ನಾಯಿ ಬೇಡ ಅನ್ನುತ್ತಾರೆ, ಅದನ್ನು ಮೊದಲೇ ಕೇಳಲಿ. ನಾಯಿಯ ಕಾಗದ ಎಲ್ಲ ನಿಮ್ಮ ಹೆಸರಲ್ಲಿ ಮಾಡಿಸಿ, ನೀವೇ ಜೊತೆಯಲ್ಲಿ ಬನ್ನಿ.

ತಳಿ ಅಂತ ಇರುವ ಕಡೆ ಸುಮ್ನೆ ಏನೇನೋ ಬರೆಸಬೇಡಿ. ಪಿಟ್‌ಬುಲ್ ತರಹದ ನಾಲ್ಕು ತಳಿ, ಅವುಗಳ ಮಿಶ್ರ ತಳಿ ಜರ್ಮನಿಗೆ ತರುವ ಹಾಗಿಲ್ಲ. ನಮ್ಮ ಬೀದಿ ನಾಯಿಗೆ ಭಾರತದ ದೇಸಿ ನಾಯಿ ಅಂತಲೇ ಬರೆಸಿ. ಬಂದ ಮೇಲೆ ಊರಿನ ಕಚೇರಿಯಲ್ಲಿ ನೋಂದಣಿ ಮಾಡಿಸಿ ವರ್ಷಕ್ಕೊಮ್ಮೆ ನಾಯಿ ತೆರಿಗೆ ಕಟ್ಟಬೇಕು. ಹೌದು, ನಾಯಿಗೂ ತೆರಿಗೆ! ಅಮ್ಮ ಇನ್ನೂ ನಂಬಿಲ್ಲ. ರೈಲಿನಲ್ಲಿ ಅವನಿಗೂ ಟಿಕೆಟ್, ಜೊತೆಗೆ ಕಚ್ಚದ ಹಾಗೆ ಬಾಯಿಗೆ ಕುಕ್ಕೆ (ಮಝಲ್). ಅದನ್ನೂ ಊರಲ್ಲೇ ಅಭ್ಯಾಸ ಮಾಡಿಸಿ, ಒಳಗೆ ಸ್ವಲ್ಪ ಕಡ್ಲೆಕಾಯಿ ಬೆಣ್ಣೆ ಸವರಿ.

ಕರಿಯನಮ್ಮ, ಮೈಸೂರು

ಸರಿ, ಹಾಗೇ ಮಾಡುತ್ತೇವೆ. ಇವರು ಮೇ ಕೊನೆಗೆ ಹೊರಡುತ್ತಾರೆ. ನಾನು, ಕರಿಯ ಜುಲೈ ಕೊನೆಗೆ. ನೆನ್ನೆ ಪಕ್ಕದ ಬೀದಿಯವರಿಂದ ಹಳೇ ಕ್ರೇಟ್ ತಂದು ಹಾಲ್‌ನಲ್ಲಿಟ್ಟೆ. ಒಳಗೆ ಮೊಸರನ್ನದ ತಟ್ಟೆ ಇಟ್ಟರೆ, ಹಿಂಗಾಲು ಎರಡನ್ನೂ ಹೊರಗೇ ಬಿಟ್ಟು, ಕತ್ತು ಚಾಚಿ ತಿಂದು ಮುಗಿಸಿದ. ಅಳತೆಯೂ ತೆಗೆದೆ. ಹಳೇದು ನಾಲ್ಕು ಬೆರಳು ಚಿಕ್ಕದು, ಹೊಸದು ತರಬೇಕು.