ಕರಿಕಲ್ಲಿನ ಹಳೆ ಮನೆ: ಸಂದಿಗೆ ಸಿಮೆಂಟೋ, ಗಚ್ಚೋ (ಸುಣ್ಣದ ಗಾರೆ)? ಅನುಭವ ಇದ್ದವರು ಹೇಳಿ

ಕೇಳಿದವರು: ವಿಜಯಪುರ ಜಿಲ್ಲೆಯ ನಮ್ಮೂರಲ್ಲಿ ಮುತ್ತಜ್ಜನ ಕಾಲದ ಕರಿಕಲ್ಲಿನ ಮನೆ ಇದೆ. ಗೋಡೆ ಎರಡು ಅಡಿಗಿಂತ ದಪ್ಪ. ಪಡುವಣ ಗೋಡೆಯ ಸಂದಿ ಉದುರಿ ಮಳೆನೀರು ಒಳಗೆ ಇಳಿಯುತ್ತಿದೆ, ಒಂದು ಕಡೆ ಗೋಡೆ ಹೊಟ್ಟೆ ಬಿಟ್ಟಿದೆ. ಗುತ್ತಿಗೆದಾರರು ಸಿಮೆಂಟ್ ಗಿಲಾವು ಮಾಡಿಸಿ, ಇಲ್ಲಾ ಕೆಡವಿ ಕಲ್ಲು ಮಾರಿಬಿಡಿ ಅಂತಾರೆ. ಇನ್ನೊಂದು, ದೇವರ ಜಗಲಿಗೆ ಇದೇ ಕಲ್ಲಲ್ಲಿ ಸಣ್ಣ ಬಸವಣ್ಣನನ್ನು (ನಂದಿ) ಕೆತ್ತಿಸಬಹುದೇ?

ಇಂಡಿ ಕಡೆಯವರು: ಸಿಮೆಂಟ್ ಮಾತ್ರ ಬ್ಯಾಡ್ರಿ. ನಮ್ಮ ಕಾಕಾನ ಮನ್ಯಾಗ ಸಂದಿಗೆಲ್ಲಾ ಸಿಮೆಂಟ್ ತುಂಬಿಸಿದ್ರು. ಮೊದಲ ಮಳಿಗಾಲ ಛಲೋ ಇತ್ತು. ಆಮ್ಯಾಲ ಒಳಗಿನ ಗ್ವಾಡಿಗೆ ಬೆಳ್ಳಗ ಉಪ್ಪು ಏಳಾಕ ಹತ್ತಿತು. ಕಲ್ಲು ಮಾರೂದಂತೂ ಬ್ಯಾಡೇ ಬ್ಯಾಡ. ಜಲ್ಲಿ ಮಾಡೂ ಕಡಿ ಮಷೀನಿನವ್ರು ಕೊಡೂ ರೊಕ್ಕಕ್ಕ ಅಂಥಾ ಕೆತ್ತಿದ ಕಲ್ಲು ತಿರುಗಿ ಸಿಗಂಗಿಲ್ಲ.

ಹಳೆ ಕಟ್ಟಡಗಳ ದುರಸ್ತಿ ಮಾಡುವವರು: ಮೇಲಿನವರು ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ಕರಿಕಲ್ಲು ಅಂದರೆ ಬಸಾಲ್ಟ್. ಗಟ್ಟಿ ಬಸಾಲ್ಟ್ ನೀರು ಕುಡಿಯುವುದು ತೀರಾ ಕಡಿಮೆ. ಗೋಡೆಯ ತೇವ ಒಣಗಬೇಕಾದರೆ ಸಂದಿಗಳಿಂದಲೇ ಒಣಗಬೇಕು. ಅಲ್ಲಿ ಸಿಮೆಂಟ್ ಮೆತ್ತಿದರೆ ಒಳಗಿನ ಮಣ್ಣಿನ ತುಂಬು ಹಸಿಯಾಗಿಯೇ ಉಳಿಯುತ್ತದೆ. ಗೋಲಗುಮ್ಮಟ ಕೂಡ ಇದೇ ಕಪ್ಪು ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟಡವೇ. ವಿಜಯಪುರದ ಬಾರಾಕಮಾನ್ ಗೋರಿ ನೋಡಿ: ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ ಮೇಲೆ ಅರ್ಧಕ್ಕೆ ನಿಂತದ್ದು, ಸೂರೇ ಇಲ್ಲ. ಕಮಾನುಗಳು ಇಂದಿಗೂ ಮಳೆಯಲ್ಲಿ ನೆನೆಯುತ್ತಾ ನಿಂತಿವೆ.

ನೀವು ಮೊದಲು ಗೋಡೆ ಬಿಟ್ಟು ಮಾಳಿಗೆ ನೋಡಿ. ಮೇಲ್ಮುದ್ದೆಯ (ಮಾಳಿಗೆ ಮೇಲಿನ ಮಣ್ಣಿನ ಹೊದಿಕೆ) ಅಂಚಿನಿಂದ, ಬಿರಿದ ಕುಂಬಿಯಿಂದ (ಮಾಳಿಗೆ ಸುತ್ತಲ ಗಿಡ್ಡ ಗೋಡೆ) ಇಳಿದ ನೀರೇ ಎಷ್ಟೋ ಸಲ ಗೋಡೆಯ ಹೊಟ್ಟೆ ಸೇರಿರುತ್ತದೆ. ಅದನ್ನು ನಿಲ್ಲಿಸದೆ ಸಂದಿ ತುಂಬಿ ಉಪಯೋಗವಿಲ್ಲ. ಆಮೇಲೆ ಸಂದಿಯನ್ನು ಒಂದು ಇಂಚಿನಷ್ಟಾದರೂ ಕೆರೆದು, ನೀರು ಚಿಮುಕಿಸಿ, ಚೆನ್ನಾಗಿ ಅರಳಿ ಹಳತಾದ ಸುಣ್ಣ ಒಂದು ಪಾಲಿಗೆ ಮರಳು ಮೂರು ಪಾಲು ಹಾಕಿ ಒತ್ತಿ ತುಂಬಿಸಿ. ಒಂದು ವಾರ ಒದ್ದೆ ಗೋಣಿತಾಟು ಹೊದಿಸಬೇಕು. ಏಪ್ರಿಲ್ ಬಿಸಿಲಲ್ಲಿ ಮಾಡಿಸಬೇಡಿ, ಗಾರೆ ಕೂಡುವ ಮೊದಲೇ ಒಣಗಿ ಪುಡಿಯಾಗುತ್ತದೆ. ಮಳೆಗಾಲ ಮುಗಿದ ಮೇಲಿನ ದಿನಗಳು ಒಳ್ಳೆಯವು.

ಹೊಟ್ಟೆ ಬಿಟ್ಟ ಭಾಗಕ್ಕೆ ಗಾರೆ ಸಾಲದು. ಇಂಥ ಗೋಡೆ ಅಂದರೆ ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲು. ಎರಡೂ ಸಾಲನ್ನು ಹಿಡಿಯುವ ಅಡ್ಡ ಉದ್ದಗಲ್ಲು ಸಾಕಷ್ಟು ಇಲ್ಲದಿದ್ದರೆ ಹೊರಸಾಲು ಬಾಗುತ್ತದೆ. ಜಂತಿಗೆ ಆಧಾರ ಕೊಟ್ಟು, ಕಲ್ಲುಗಳಿಗೆ ನಂಬರ್ ಬರೆದು, ಅಷ್ಟು ಭಾಗ ಬಿಚ್ಚಿ, ಉದ್ದಗಲ್ಲು ಸೇರಿಸಿ ಮತ್ತೆ ಕಟ್ಟಬೇಕು. ಒಂದು ಘನ ಅಡಿ ಕಲ್ಲು 80 ಕೆ.ಜಿ. ಆಚೀಚೆ ತೂಗುತ್ತದೆ, ಕೈಯಲ್ಲಿ ಎತ್ತಿಸಬೇಡಿ, ಚೈನ್ ಪುಲ್ಲಿ ತರಿಸಿ.

ಬೆಳಗಾವಿಯವರು: ಹೇಳೋದು ಸುಲಭ. ಗಚ್ಚಿನ ಕೆಲಸ ಗೊತ್ತಿರೋ ಗೌಂಡಿ ಎಲ್ಲಿ ಸಿಗ್ತಾನೆ? ನಾವು ಹುಡುಕಿ ಹುಡುಕಿ ಕೊನೆಗೆ ಗುಡಿ ದುರಸ್ತಿ ಮಾಡ್ತಿದ್ದ ತಂಡವನ್ನೇ ಹಿಡಿದ್ವಿ. ಖರ್ಚು ಸಿಮೆಂಟಿಗಿಂತ ಜಾಸ್ತಿಯೇ ಬಂತು, ಮುಚ್ಚಿಡೋದಿಲ್ಲ. ಮೊದಲು ಒಂದು ಮೊಳದಷ್ಟು ಗೋಡೆ ಮಾಡಿಸಿ ನೋಡಿ, ಹಿಡಿಸಿದರೆ ಮುಂದುವರಿಸಿ.

ಕಲಬುರಗಿಯ ನಿವೃತ್ತ ಮೇಷ್ಟ್ರು: ಬದಲಿ ಕಲ್ಲು ತರುವಾಗ ಜೋಕೆ. ನಮ್ಮ ಭಾಗದ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಪದರ ಪದರವಾಗಿ ಇದೆ. ಪದರದ ಮೇಲ್ಭಾಗದಲ್ಲಿ ಗಾಳಿಗುಳ್ಳೆಯ ತೂತು, ಕೆಲವದರಲ್ಲಿ ಬಿಳಿ ಹರಳು ತುಂಬಿರುತ್ತದೆ. ಅದು ಹೊರಗೋಡೆಗೆ ಬೇಡ. ನಡುವಿನ ಗಟ್ಟಿ ಕಲ್ಲು ಬೇಕು. ಸುತ್ತಿಗೆಯಿಂದ ಬಡಿದರೆ ಗಂಟೆಯ ಹಾಗೆ ನಾದ ಬರಬೇಕು. ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ. ಅಂಚು ಕಂದಾಗಿ ಈರುಳ್ಳಿ ಸಿಪ್ಪೆಯಂತೆ ಏಳುವ ಕಲ್ಲೂ ಬೇಡ.

ಮೈಸೂರು ಕಡೆಯ ಶಿಲ್ಪಿ ಕುಟುಂಬದವರು: ಬಸವಣ್ಣನ ವಿಷಯಕ್ಕೆ ಬರೋಣ. ಆಗುತ್ತೆ, ಆದರೆ ಗೆಜ್ಜೆ, ಸರ ಎಲ್ಲ ಕುಸುರಿಯಾಗಿ ಬೇಕು ಅಂತ ಕೇಳಬೇಡಿ. ಎಲ್ಲೋರದ ಕೈಲಾಸವನ್ನು ರಾಷ್ಟ್ರಕೂಟರು ಎಂಟನೇ ಶತಮಾನದಲ್ಲಿ ಬಸಾಲ್ಟ್ ಬೆಟ್ಟದಲ್ಲೇ ಕಡೆಸಿದರು, ನಿಜ. ಅಲ್ಲಿನ ಆನೆ, ಸಿಂಹಗಳ ಚಂದ ಇರುವುದು ಮೈಕಟ್ಟಿನಲ್ಲಿ. ಬೇಲೂರು ಹಳೇಬೀಡಿನ ಕುಸುರಿ ಮೆದುವಾದ ಬಳಪದ ಕಲ್ಲಿನದು, ಅದಕ್ಕೂ ಇದಕ್ಕೂ ಹೋಲಿಸಬೇಡಿ. ಅಯೋಧ್ಯೆಯ ಬಾಲರಾಮನ ವಿಗ್ರಹ ಮೈಸೂರು ಸೀಮೆಯ ಕೃಷ್ಣಶಿಲೆ. ಅದು ಬಂದ ಮೇಲೆ ಮಾರುಕಟ್ಟೆಯಲ್ಲಿ ಕಪ್ಪಗಿದ್ದದ್ದೆಲ್ಲ ಕೃಷ್ಣಶಿಲೆ ಆಗಿಬಿಟ್ಟಿದೆ! ನಿಮ್ಮ ಲಾವಾ ಕಲ್ಲು ಬೇರೆ ಜಾತಿ.

ಉಳಿ ಹೊಡೆದ ಬಸಾಲ್ಟ್ ಬೂದಿ ಬಣ್ಣಕ್ಕೇ ಇರುತ್ತೆ. ಉಜ್ಜಿ ನಯ ಮಾಡಿ ಎಣ್ಣೆ ಹಚ್ಚಿದರೆ ಕಪ್ಪೇರುತ್ತೆ. ಅಂಗಡಿಯಲ್ಲಿ ಸಿದ್ಧ ಮೂರ್ತಿ ಕೊಳ್ಳುವುದಾದರೆ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ತಳ ಒರೆಸಿ. ಬಟ್ಟೆ ಕಪ್ಪಾದರೆ ಬಣ್ಣ ಬಳಿದಿದ್ದಾರೆ ಅಂತ ಲೆಕ್ಕ.

ಕೇಳಿದವರು: ಎಲ್ಲರಿಗೂ ಶರಣು. ಗೋಡೆ ಬಿಚ್ಚಿದಾಗ ಉಳಿಯುವ ಮೂಲೆಗಲ್ಲಿನಿಂದಲೇ ಬಸವಣ್ಣನನ್ನು ಮಾಡಿಸಬಹುದೇ?

ಶಿಲ್ಪಿ ಕುಟುಂಬದವರು: ಬಡಿದು ನಾದ ಬಂದರೆ ಮಾಡಿಸಿ. ಒಮ್ಮೆ ನೀರಲ್ಲಿ ನೆನೆಸಿ, ಮೇಲ್ಮೈ ಒಣಗುವಾಗ ನೋಡಿ. ಬಿರುಕಿದ್ದ ಕಡೆ ತೇವದ ಗೆರೆ ಕೊನೆಗೆ ಆರುತ್ತೆ. ಕೊಂಬು, ಕಿವಿ ಬರುವ ಜಾಗದಲ್ಲಿ ಅಂಥ ಗೆರೆ ಇದ್ದರೆ ಬೇರೆ ಕಲ್ಲು ಆರಿಸಿ.