ಜೈಲಿನೊಳಗೆ ಡ್ರಗ್ಸ್, ಎಚ್‌ಐವಿ: ಬೇರೆ ಸೆಲ್‌ನಲ್ಲಿ ಇಟ್ಟರೆ ಸಾಕಾ?

ಬಿಜೈವಾಸಿ: ಡ್ರಗ್ಸ್ ಕೇಸಲ್ಲಿ ಹುಡುಗರು ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿಗೆ ಹೋದ ಸುದ್ದಿ ಪೇಪರಲ್ಲಿ ಓದಿ ಓದಿ ಬೇಜಾರಾಗಿದೆ. ನಾನು ಹೇಳುವುದು ಇಷ್ಟೇ: ಒಳಗೆ ಬಂದ ಎಲ್ಲರಿಗೂ ಕಡ್ಡಾಯ ಎಚ್‌ಐವಿ ಟೆಸ್ಟ್ ಮಾಡಲಿ, ಪಾಸಿಟಿವ್ ಬಂದವರನ್ನು ಬೇರೆ ಸೆಲ್‌ನಲ್ಲಿ ಇಡಲಿ. ಸಣ್ಣ ಕಳ್ಳತನಕ್ಕೆ ಒಳಗೆ ಹೋದವನಿಗೆ ಯಾಕೆ ಅಪಾಯ?

ಕಾಪುಕಡಲು: ಬೇರೆ ಸೆಲ್ ಎಂತಕ್ಕೆ ಮಾರಾಯ್ರೆ? ಒಟ್ಟಿಗೆ ಉಂಡರೆ, ಒಂದೇ ಬಚ್ಚಲಲ್ಲಿ ಮಿಂದರೆ ಬರುವ ಕಾಯಿಲೆ ಅಲ್ಲ ಅದು. ಹಂಚಿಕೊಂಡ ಸಿರಿಂಜ್, ಕದ್ದುಮುಚ್ಚಿ ಹಾಕುವ ಹಚ್ಚೆಯ ಸೂಜಿ, ಕಾಂಡೋಮ್ ಇಲ್ಲದ ಸಂಪರ್ಕ, ಇವುಗಳಿಂದ ಬರುವುದು. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗೂ ಇಲ್ಲ, 2017ರ ಎಚ್‌ಐವಿ ಕಾಯ್ದೆ ಉಂಟು. ಸರ್ಕಾರದ ವಶದಲ್ಲಿರುವವರಿಗೂ ಟೆಸ್ಟ್, ಆಪ್ತಸಮಾಲೋಚನೆ, ಚಿಕಿತ್ಸೆ ಹಕ್ಕು ಅಂತ ಅದೇ ಕಾಯ್ದೆ ಹೇಳ್ತದೆ.

ಬಿಜೈವಾಸಿ: ಕಾಯ್ದೆ ಇರಲಿ. ನಮ್ಮಲ್ಲಿ ಸಿಕ್ಕಿಬೀಳುವುದು ಸೇದುವ ಗಾಂಜಾ, ನುಂಗುವ ಎಂಡಿಎಂಎ. ಸೂಜಿ ಎಲ್ಲಿಂದ ಬಂತು?

ಲ್ಯಾಬ್‌ಅಣ್ಣ_ಉಡುಪಿ: ಹೊರಗೆ ಸೇದುತ್ತಿದ್ದವನು ಒಳಗೆ ಸಿಕ್ಕಿದ್ದನ್ನು ತೆಗೆದುಕೊಳ್ತಾನೆ. ಸ್ಕಾಟ್ಲೆಂಡಿನ ಗ್ಲೆನೊಚಿಲ್ ಜೈಲಿನಲ್ಲಿ 1993ರಲ್ಲಿ ಆದದ್ದು ಅದೇ, ಕೆಲವೇ ಸಿರಿಂಜ್ ಹತ್ತಾರು ಕೈ ದಾಟಿ, ಹದಿನಾಲ್ಕು ಕೈದಿಗಳಲ್ಲಿ ಸೋಂಕು ಪತ್ತೆಯಾಯ್ತು, ಹೆಚ್ಚಿನವರಿಗೆ ಅದು ತಗುಲಿದ್ದು ಒಳಗೇ. ಇನ್ನು ನಿಮ್ಮ ಕಡ್ಡಾಯ ಟೆಸ್ಟ್. ಮೊನ್ನೆ ಮೊನ್ನೆ ಸೋಂಕು ತಗುಲಿದವನ ರಿಪೋರ್ಟ್ ಮೊದಲ ಕೆಲವು ವಾರ ನೆಗೆಟಿವ್ ಬರಬಹುದು. ಅದೇ ವಾರಗಳಲ್ಲಿ ಅವನ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ. ನೀವು ಅವನನ್ನು ‘ಕ್ಲೀನ್’ ಸೆಲ್‌ಗೆ ಹಾಕ್ತೀರಿ. ಮಾತ್ರೆ ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವನಿಂದ ಲೈಂಗಿಕ ಸಂಪರ್ಕದಲ್ಲೂ ಹರಡುವುದಿಲ್ಲ. ನೀವು ದೂರ ಇಡುವುದು ಅವನನ್ನು!

ಹಿರಿಯಡ್ಕದಮ್ಮ: ಓದ್ತಾ ಕೈ ನಡುಗಿತು. ನನ್ನ ಅಕ್ಕನ ಮಗ ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತಗೊಳ್ತಿದ್ದ. ಬೇರೆ ಜಿಲ್ಲೆಯಲ್ಲಿ ವಿಚಾರಣಾಧೀನ ಕೈದಿಯಾದಾಗ ಹನ್ನೊಂದು ದಿನ ಮಾತ್ರೆ ಇಲ್ಲ. ಕೇಳಿದರೆ ಪಕ್ಕದವರಿಗೆ ಗೊತ್ತಾಗ್ತದೆ ಅಂತ ಅವನು ಬಾಯಿ ಬಿಡಲಿಲ್ಲ. ಬೇರೆ ಸೆಲ್ ಅಂತಾದರೆ ಯಾರು ಬಾಯಿ ಬಿಡ್ತಾರೆ ಹೇಳಿ?

ಲ್ಯಾಬ್‌ಅಣ್ಣ_ಉಡುಪಿ: ಅಮ್ಮ, ಮಾತ್ರೆ ಹಾಗೆ ಬಿಟ್ಟುಬಿಟ್ಟು ತಗೊಂಡರೆ ಆ ಔಷಧಿಗೇ ವೈರಸ್ ಬಗ್ಗದ ಹಾಗಾಗಬಹುದು. ಚಟದ್ದೂ ಅದೇ ಕಥೆ. ಹೆರಾಯಿನ್ ಒಮ್ಮೆಲೇ ನಿಂತರೆ ಮೈ ನೋವಿಗೆ ಚಟ ಇರುವವನು ಎಂತಹ ಸೂಜಿಗೂ ಕೈ ಚಾಚ್ತಾನೆ. ತಿಹಾರ್ ಜೈಲಿನಲ್ಲಿ 2008ರಲ್ಲೇ ಹೆರಾಯಿನ್ ಬದಲಿಗೆ ಬುಪ್ರೆನಾರ್ಫಿನ್ ಎಂಬ ಔಷಧಿಯ ಮಾತ್ರೆ ಕೊಡಲು ಶುರು ಮಾಡಿದ್ದು ಅದಕ್ಕೇ.

ಬಿಜೈವಾಸಿ: ನೆಗೆಟಿವ್ ರಿಪೋರ್ಟಿನ ವಿಷಯ ನನಗೆ ಗೊತ್ತಿರಲಿಲ್ಲ. ಬೇರೆ ಸೆಲ್ ಮಾತು ಬಿಟ್ಟೆ. ಆದರೆ ಗೇಟಿನಲ್ಲಿ ತಪಾಸಣೆ ಬಿಗಿಯಾಗಬೇಕು, ಅದು ಬಿಡುವುದಿಲ್ಲ. ಅಮ್ಮ, ಈಗ ಮಾತ್ರೆ ಸಿಗ್ತಾ ಉಂಟಾ?

ಹಿರಿಯಡ್ಕದಮ್ಮ: ಉಂಟು. ಅಕ್ಕ ಅವನ ಎಆರ್‌ಟಿ ಪುಸ್ತಕದ ಜೆರಾಕ್ಸ್ ಜೈಲು ಡಾಕ್ಟ್ರ ಕೈಗೇ ಕೊಟ್ಟಳು.

ಕಾಪುಕಡಲು: ಇನ್ನೊಮ್ಮೆ ಹೀಗಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ ಅಮ್ಮ, 15100ಕ್ಕೆ ಫೋನ್ ಮಾಡಿದರೂ ಆಗ್ತದೆ. ಎಚ್‌ಐವಿ ಬಗ್ಗೆ ಕೇಳಲಿಕ್ಕೆ 1097, ಹೆಸರು ಹೇಳಬೇಕಾಗಿಲ್ಲ.