ಪ್ರತಿಧ್ವನಿಯೋ, ಅನುರಣನವೋ, ಗುಂಗೋ?

ನಮಸ್ಕಾರ. ಒಂದು ಪದದ ವಿಚಾರವಾಗಿ ನಿಮ್ಮನ್ನು ಕೇಳಬೇಕಿತ್ತು. ಮನೆಯಲ್ಲೇ ಕೂತು ಕಥೆ ಓದಿ ರೆಕಾರ್ಡ್ ಮಾಡುವವರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಎರಡನೇ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಖಾಲಿ ಕೋಣೆಯಲ್ಲಿ ಮೈಕ್ ಮುಂದೆ 'ಬಾಗಿಲು ಮುಚ್ಚಿದ' ಎಂದು ಓದಿ ನಿಲ್ಲಿಸಿ. ಹೆಡ್‌ಫೋನ್ ಹಾಕಿ ಕೇಳಿದರೆ ಆ 'ದ' ಅಲ್ಲಿಗೇ ನಿಲ್ಲುವುದಿಲ್ಲ. ಅದರ ಬೆನ್ನಿಗೆ ಗುಂಯ್ ಅನ್ನುವ ಸದ್ದು ಉಳಿದುಕೊಂಡು ಮುಂದಿನ ಮಾತಿಗೂ ಮೆತ್ತಿಕೊಳ್ಳುತ್ತದೆ. ಇದಕ್ಕೆ ಎಲ್ಲರೂ 'ಎಕೋ ಹೊಡೀತಿದೆ' ಅಂತಾರೆ. ಬರೆಯಲು ಕೂತರೆ ಅದು 'ಪ್ರತಿಧ್ವನಿ' ಆಗಿಬಿಡುತ್ತದೆ. ನನಗೆ ಅದು ಒಪ್ಪುತ್ತಿಲ್ಲ.

ಪ್ರತಿಧ್ವನಿ ಅಥವಾ ಮಾರ್ದನಿ ಅಂದರೆ ಆಡಿದ ಮಾತು ಬೇರೆಯಾಗಿ ಮರಳಿ ಕೇಳಬೇಕು, ಬೆಟ್ಟದ ಎದುರು ಕೂಗಿದಾಗ ಆಗುವಂತೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗೆ ಬೇರೆಯಾಗಿ ಕೇಳಲು ಸುಮಾರು 0.1 ಸೆಕೆಂಡಿನ ಅಂತರ ಬೇಕು, ಅಂದರೆ ಗೋಡೆ 17 ಮೀಟರ್ ದೂರ ಇರಬೇಕು ಎಂದು ಶಾಲೆಯಲ್ಲೇ ಓದಿದ್ದೇವೆ. ಮನೆಯ ಕೋಣೆಯಲ್ಲಿ ಗೋಡೆ 3 ಮೀಟರ್ ದೂರವಿದ್ದರೆ ಹೆಚ್ಚು. ಹೋಗಿ ಬರಲು 0.02 ಸೆಕೆಂಡೂ ಬೇಡ. ಸದ್ದು ಗೋಡೆ, ನೆಲ, ಚಾವಣಿ ಎಲ್ಲದಕ್ಕೂ ಬಡಿದು, ಮತ್ತೆ ಮತ್ತೆ ಪುಟಿದು, ಒಂದರೊಳಗೊಂದು ಕಲಸಿಹೋಗುತ್ತದೆ. ರೆಕಾರ್ಡಿಂಗ್‌ನವರು ಇದನ್ನು ರಿವರ್ಬ್ ಅನ್ನುತ್ತಾರೆ. ಸದ್ದು 60 ಡೆಸಿಬಲ್ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಅದನ್ನು ಅಳೆಯುತ್ತಾರೆ.

ಪುಸ್ತಕದಲ್ಲಿ ಇದಕ್ಕೆ 'ಅನುರಣನ' ಎಂಬ ಪದ ಇದೆ. ಚೆಂದದ ಪದವೇ. ಆದರೆ ಅದನ್ನು ಕೇಳಿದೊಡನೆ ಗಂಟೆಯ ಇಂಪಾದ ಕೊನೆಯ ನಾದ ನೆನಪಾಗುತ್ತದೆ. ಅಲಂಕಾರಶಾಸ್ತ್ರದವರೂ ಒಳ್ಳೆಯ ಅರ್ಥದಲ್ಲೇ ಬಳಸಿದ್ದಾರೆ. 'ನನ್ನ ಕೋಣೆಯಲ್ಲಿ ಅನುರಣನ ಜಾಸ್ತಿ' ಅಂದರೆ ಅದು ದೂರು ಅಂತ ಅನ್ನಿಸುವುದೇ ಇಲ್ಲ, ಅಲ್ವಾ?

ನನಗೆ ಹೊಳೆದ ಪದ 'ಗುಂಗು'. ಹಾಡು ಮುಗಿದರೂ ಅದರ ಗುಂಗು ಹೋಗಿಲ್ಲ ಅನ್ನುತ್ತೇವಲ್ಲ, ಕೋಣೆಯಲ್ಲಿ ಆಗುವುದೂ ಅದೇ. ಮಾತು ಮುಗಿದಿದೆ, ಕೋಣೆ ಇನ್ನೂ ಬಿಟ್ಟಿಲ್ಲ. 'ಕೋಣೆಯ ಗುಂಗು' ಅಂದರೆ ಕಿವಿಗೂ ಸರಿಯಾಗಿ ಕೂರುತ್ತದೆ. ಆದರೆ ಗುಂಗು ಮನಸ್ಸಿಗೆ ಹಿಡಿಯುವಂಥದ್ದು, ಗೋಡೆಗಲ್ಲ ಎಂದು ಓದುವವರು ತಡವರಿಸಬಹುದು ಎಂಬ ಅಳುಕಿದೆ.

ಇದರ ಜೊತೆಗೇ ಇನ್ನೊಂದು ತೊಡಕು 'ಶಬ್ದನಿರೋಧಕ'. ಗುಂಗು ಇಳಿಸಲು ತೆಳು ಫೋಮ್ ಅಂಟಿಸಿ, ಕೋಣೆ ಶಬ್ದನಿರೋಧಕ ಆಯಿತು ಅನ್ನುತ್ತಾರೆ. ಹೊರಗಿನ ಸದ್ದನ್ನು ತಡೆಯಲು ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಒಳಗಿನ ಸದ್ದನ್ನು ಹೀರಲು ದಪ್ಪ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ಎಳೆಗಳ ಹಾಸು), ಹಾಸಿಗೆ, ಬಟ್ಟೆ ತುಂಬಿದ ಬೀರು ಬೇಕು. ತೆಳು ಫೋಮ್ ತೀಕ್ಷ್ಣ ಸ್ವರಗಳನ್ನಷ್ಟೇ ಹೀರುತ್ತದೆ, ದಪ್ಪ ಸ್ವರ ಹಾಗೇ ಉಳಿಯುತ್ತದೆ. ಹಾಗಾಗಿ 'ತಡೆ' ಮತ್ತು 'ಹೀರು' ಎಂಬ ಎರಡು ಕ್ರಿಯಾಪದಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ. ಸದ್ದು ಹೀರಲು ಗೋಡೆಗೆ ಹಾಕುವ ಫಲಕಕ್ಕೆ 'ಸದ್ದುಹೀರುಕ' ಎಂದು ಬರೆದಿದ್ದೇನೆ.

ಗುಂಗಿಲ್ಲದ ದನಿಗೆ ಇಂಗ್ಲಿಷಿನವರು ಡ್ರೈ ಅನ್ನುತ್ತಾರೆ. 'ಒಣ ದನಿ' ಎಂದು ಬರೆಯಲು ಕೈ ಬರುತ್ತಿಲ್ಲ. ಒಣ ಮಾತು, ಒಣ ಜಂಭ ಎಲ್ಲ ಬೈಗುಳವೇ. ತಿಳಿನೀರು ಇದ್ದಂತೆ 'ತಿಳಿ ದನಿ' ಆದೀತೇ?

ನಿಮ್ಮ ಕಡೆ ಖಾಲಿ ಮನೆಯ ಈ ಸದ್ದಿಗೆ ಆಡುಮಾತಿನಲ್ಲಿ ಏನನ್ನುತ್ತಾರೆ? ನಾಮಪದ ಇಲ್ಲದಿದ್ದರೂ ಪರವಾಗಿಲ್ಲ, 'ಗುಂಯ್ಗುಡು' ಥರದ ಕ್ರಿಯಾಪದ ಇದ್ದರೂ ತಿಳಿಸಿ.